ಗುರುಸಿದ್ದವ್ವ ಬಂದೂಕು ಕೊಳ್ಳಲು ಹೋದದ್ದು

ಹೇಗೆ ಶುರು ಮಾಡಲಿ?

ಮೊದಲ ವಾಕ್ಯದಲ್ಲೇ ಒಂದು ಗುಂಡು ಹಾರಿಸಿಬಿಡೋಣ ಎಂದುಕೊಂಡು ‘ಢಮಾರ್’ ಎಂದು ಬರೆದೆ. ಬರೆದ ಮೇಲೆ ನೆನಪಾಯಿತು, ಈ ಕಥೆಯಲ್ಲಿ ಗುಂಡು ಹಾರುವುದೇ ಇಲ್ಲ. ಓದುಗರೇ, ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದರಲ್ಲಿ ಯಾರೂ ಸಾಯುವುದಿಲ್ಲ. ಆದರೂ ನನಗೆ ಈ ಕಥೆಯಿಂದ ಆದ ಗಾಬರಿ ಇನ್ನೂ ಇಳಿದಿಲ್ಲ.

ಎರಡನೆಯ ಡ್ರಾಫ್ಟು: ‘ಕಾಳಿ ನದಿಯ ಮೇಲೆ ಮಂಜು ಕವಿದಿತ್ತು. ಬಿದಿರು ಮೆಳೆಯ ಹಿಂದೆ ಕಣ್ಣುಗಳು ಹೊಳೆದವು.’ ಅದನ್ನೂ ಹೊಡೆದುಹಾಕಿದೆ. ಮಂಜು ಇರಲಿಲ್ಲ, ಚುರುಗುಟ್ಟುವ ಬಿಸಿಲಿತ್ತು. ಕಣ್ಣು ಹೊಳೆಯುವುದು ಚಿರತೆಗೆ. ಮೆಳೆಯ ಹಿಂದೆ ಕೂತಿದ್ದವರು ಠಾಣೆಯ ಒಬ್ಬ ಫೌಜದಾರ, ಸಾಕ್ಷಿಗೆಂದು ಕರೆತಂದ ಇಬ್ಬರು ಪಂಚರು. ಅವರ ಕಣ್ಣು ಬೆವರಿಗೆ ಉರಿಯುತ್ತಿತ್ತು, ಅಷ್ಟೇ.

ಮೂರನೆಯದನ್ನು ಸರ್ಕಾರದಿಂದ ಶುರು ಮಾಡುತ್ತೇನೆ. ಯಾಕೆಂದರೆ ಸರ್ಕಾರ ಶುರು ಮಾಡದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

೧

ಸಾವಿರದ ಒಂಬೈನೂರ ಅರವತ್ತಮೂರು. ಗೋವಾ ನಮ್ಮದಾಗಿ ಸುಮಾರು ಎರಡು ವರ್ಷ. ಅಲ್ಲಿಂದ ಓಡಿಹೋದವರು ಬಿಟ್ಟ ಬಂದೂಕುಗಳು ಜೋಯಿಡಾದ ಗುಡ್ಡ ಹತ್ತಿ, ಇಳಿದು, ಈ ಕಡೆ ಬಂದು ಮಾರಾಟವಾಗುತ್ತಿವೆ ಎಂದು ಸುದ್ದಿ. (ಸುದ್ದಿ ಮಾತ್ರ. ಈ ಕಥೆಯಲ್ಲಿ ಅಂಥ ಒಂದು ಬಂದೂಕನ್ನೂ ಯಾರೂ ಕಂಡಿಲ್ಲ.) ಹೊಸ ಆಯುಧ ಕಾಯ್ದೆ ಜಾರಿಗೆ ಬಂದು ವರ್ಷವಾಗಿತ್ತು. ಮೇಲಿನಿಂದ ಹುಕುಂ ಬಂತು: ಮಾರುವವರು ಸಿಗದಿದ್ದರೆ ಕೊಳ್ಳಲು ಬರುವವರನ್ನಾದರೂ ಹಿಡಿಯಿರಿ, ಕೋರ್ಟಿಗೆ ಹಾಕಿರಿ.

ಆ ಸೀಮೆಯ ಒಂದು ಠಾಣೆಯ ಫೌಜದಾರರು ಹುಕುಮನ್ನು ಎರಡೆರಡು ಸಲ ಓದಿದರು. ಠಾಣೆಯ ಹೆಸರು ಕೇಳಬೇಡಿ, ಅದನ್ನು ಕಟ್ಟಿಸಿದ್ದು ನಾನು. ಸುಣ್ಣವನ್ನೂ ನಾನೇ ಬಳಿಸಿದ್ದೇನೆ. ಫೌಜದಾರರಿಗೊಂದು ಉಪಾಯ ಹೊಳೆಯಿತು. ಮಾರುವವನು ಇಲ್ಲದಿದ್ದರೆ ನಾವೇ ಒಬ್ಬನನ್ನು ಮಾಡೋಣ.

ಮಾಡಿದ್ದು ಅಡಿವೆಯ್ಯನನ್ನು. ಕಾನ್‌ಸ್ಟೇಬಲ್. ಇಪ್ಪತ್ತಾರರ ಆಸುಪಾಸು, ಎತ್ತರದ ಆಳು, ಮಾತು ಕಡಿಮೆ. ಅವನಿಗೆ ಒಂದು ಬುಶ್ ಶರ್ಟು, ಕಪ್ಪು ಕನ್ನಡಕ, ಗೋವಾದವರು ಹಾಕುವಂಥ ಹ್ಯಾಟು ಕೊಟ್ಟರು. ಒಂದು ಗೋಣಿಚೀಲದಲ್ಲಿ ಯಾರದೋ ಒಂಟಿ ನಳಿಗೆಯ ಬಂದೂಕನ್ನೂ ಇಟ್ಟುಕೊಟ್ಟರು.

“ಗಿರಾಕಿ ಬಾಯಿ ಬಿಟ್ಟು ಬಂದೂಕು ಕೇಳಬೇಕು. ಚೀಲಕ್ಕ ಕೈ ಹಾಕಬೇಕು,” ಎಂದರು ಫೌಜದಾರರು. “ಆಗ ನೀ ಹ್ಯಾಟ್ ತಗಿ. ಅದ ಸಿಗ್ನಲ್. ನಾವು ಬಂದು ಹಿಡಿತೇವಿ.”

“ಗಿರಾಕಿ ಯಾರ್ರಿ, ಸಾಹೇಬರ?”

“ಸಾಂಬ್ರಾಣಿ ಕಡೆಯವರು ಯಾರೋ ಬಂದೂಕು ಹುಡಕಾಕತ್ತಾರ ಅಂತ ಖಬರ್ ಬಂದೈತಿ. ಯಾರಿದ್ರೇನು?”

ಸಾಂಬ್ರಾಣಿ ಎಂದಾಗ ಅಡಿವೆಯ್ಯ ಒಂದು ಕ್ಷಣ ತಡೆದ. ಅವನ ಅಕ್ಕನನ್ನು ಕೊಟ್ಟದ್ದು ಆ ಊರಿಗೇ. ಆದರೆ ಊರು ದೊಡ್ಡದು, ಗಂಡಸರು ಬೇಕಾದಷ್ಟು ಜನ. ಸೆಲ್ಯೂಟ್ ಹೊಡೆದು ಹೊರಬಿದ್ದ.

೨

ಈಗ ಅಕ್ಕ. ಗುರುಸಿದ್ದವ್ವ.

ತಾಯಿ ತೀರಿಕೊಂಡಾಗ ಅಡಿವೆಯ್ಯ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ರೊಟ್ಟಿ ಬಡಿದವಳು ಅವಳು. ಅವನು ಪೊಲೀಸಿಗೆ ಸೇರಿದ ದಿನ ಸಾಂಬ್ರಾಣಿಯ ಓಣಿಯಲ್ಲಿ ಮನೆಮನೆಗೆ ಸಕ್ಕರೆ ಹಂಚಿದ್ದಳು. ಕಥೆ ಶುರುವಾಗುವ ಹೊತ್ತಿಗೆ ಅವಳ ಗಂಡ ಜ್ವರದಲ್ಲಿ ಹೋಗಿ ಎರಡು ಸುಗ್ಗಿಯಾಗಿತ್ತು. ಮಕ್ಕಳಿರಲಿಲ್ಲ. ಕೆರೆಯ ಕೆಳಗೆ ಗಂಡನ ಪಾಲಿನ ಭತ್ತದ ಗದ್ದೆ ಇತ್ತು.

ಅದೇ ಗದ್ದೆಯ ಬದುವಿನ ಮೇಲೆ ಮೈದುನ ಬಸಲಿಂಗಯ್ಯ ಕೂರುತ್ತಿದ್ದ. ತೊಡೆಯ ಮೇಲೆ ಬಂದೂಕು. ಕಾಡುಹಂದಿ ಕಾಯುವುದಕ್ಕೆಂದು ಸರ್ಕಾರ ಲೈಸೆನ್ಸ್ ಕೊಟ್ಟ ಬಂದೂಕು. ಅವನು ಬೈಯುತ್ತಿರಲಿಲ್ಲ, ಬೆದರಿಸುತ್ತಿರಲಿಲ್ಲ. ಪೈರು ಬಲಿತಾಗ ಬಂದು ಕೂರುತ್ತಿದ್ದ. ಗುರುಸಿದ್ದವ್ವ ಕುಡಗೋಲು ಹಿಡಿದು ಬದು ಇಳಿದರೆ ನಳಿಗೆಯನ್ನು ಮೆಲ್ಲಗೆ ಅವಳ ಕಡೆ ತಿರುಗಿಸುತ್ತಿದ್ದ. ಅಷ್ಟೇ. ಕೂಲಿಯವರು ಅಲ್ಲೇ ನಿಂತುಬಿಡುತ್ತಿದ್ದರು. ಎರಡು ಸುಗ್ಗಿ ಅವನ ಆಳುಗಳೇ ಕೊಯ್ದುಕೊಂಡು ಹೋದರು.

ಆ ಹುಕುಂ ಬರುವುದಕ್ಕೆ ಎಷ್ಟೋ ಮೊದಲೇ ಅವಳು ತಮ್ಮನ ಹತ್ತಿರ ಬಂದಳು. ತಮ್ಮ ಅವಳನ್ನು ಫೌಜದಾರರ ಮುಂದೆ ನಿಲ್ಲಿಸಿದ.

“ಗುಂಡು ಹಾರಿಸ್ಯಾನೇನು?” ಎಂದರು ಫೌಜದಾರರು.

“ಇಲ್ರಿ.”

“ಹೊಡಿತೇನಿ ಅಂದಾನೇನು?”

“ಬಾಯಿಲೆ ಅಂದಿಲ್ರಿ.”

“ಮತ್ತ ಏನಂತ ಬರಕೊಳ್ಳಲಿ? ಅಂವಂದು ಲೈಸೆನ್ಸ್ ಐತಿ. ತನ್ನ ಬದುವಿನ ಮ್ಯಾಲೆ ಕುಂತಾನ.”

ಹೊರಗೆ ಬಂದ ಮೇಲೆ ಅಡಿವೆಯ್ಯ, “ನೀನೂ ಒಂದು ಲೈಸೆನ್ಸಿಗೆ ಅರ್ಜಿ ಕೊಡು ಅಕ್ಕಾ,” ಎಂದ. ತಮಾಷೆಗೆ ಅಂದನೋ ನಿಜಕ್ಕೂ ಅಂದನೋ, ನನಗೂ ಗೊತ್ತಾಗಲಿಲ್ಲ. ಅವಳು ನಿಜವೆಂದೇ ತಿಳಿದು ಕೊಟ್ಟಳು. ಹೆಂಗಸಿಗೆ ಬಂದೂಕಿನ ಅಗತ್ಯ ಕಂಡುಬರುವುದಿಲ್ಲ ಎಂದು ಉತ್ತರ ಬಂತು.

(ಇಲ್ಲಿ ನಾನು ಅವಳಿಂದ ಒಮ್ಮೆ ಕಣ್ಣೀರು ಹಾಕಿಸಲು ನೋಡಿದೆ. ಒಂದು ಪ್ಯಾರಾ ಚೆನ್ನಾಗಿಯೇ ಬಂದಿತ್ತು. “ಅತ್ತರ ಗದ್ದಿ ಕೊಯ್ದಂಗ ಆಗತೈತೇನ್ರಿ? ಮುಂದ ಬರೀರಿ,” ಎಂದಳು. ಪ್ಯಾರಾ ಹರಿದೆ.)

೩

ಗುರುಸಿದ್ದವ್ವನ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವಳು ಅನ್ನಾ. ಸಿದ್ದಿ ಜನಾಂಗದವಳು, ಇಗರ್ಜಿಗೆ ಹೋಗುವ ಕ್ರೈಸ್ತಳು, ಗುರುಸಿದ್ದವ್ವನದೇ ವಯಸ್ಸು. ಕೆಲಸ ಮಾಡುತ್ತಿದ್ದವಳು ಎಂದಷ್ಟೇ ಬರೆದೆನಲ್ಲ, ತಪ್ಪು. ಊರಿನಲ್ಲಿ ಗುರುಸಿದ್ದವ್ವನ ಜೊತೆ ಕೂತು ಮಾತಾಡುತ್ತಿದ್ದವಳು ಅವಳೊಬ್ಬಳೇ. ಅನ್ನಾ ಬರುತ್ತಿದ್ದಂತೆ ನಾನು ಹುರುಪಿನಿಂದ ಕಾಡು, ಡೋಲು, ಬೆಂಕಿಯ ಸುತ್ತ ಕುಣಿತ ಎಂದು ಎಳೆಯತೊಡಗಿದೆ.

“ಅಗೊ ಬರಿಯೋರ,” ಎಂದಳು ಅನ್ನಾ, “ನನ್ನ ಕುಣಿಸಬ್ಯಾಡ್ರಿ. ನನಗ ಮೊಣಕಾಲು ನೋವು ಐತಿ. ನಾ ಏನು ಮಾಡಿದೆ ಅದಷ್ಟ ಬರೀರಿ.”

ಅವಳು ಮಾಡಿದ್ದು ಇದು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಸಾಗಿಸುವ ಗಾಡಿಯವರಲ್ಲಿ ಅವಳ ಅಣ್ಣ ಜುಜೆ ಒಬ್ಬ. ಜೋಯಿಡಾದ ಕಡೆಯಿಂದ ಬರುವ ಗಾಡಿಗಳ ಪೈಕಿ ಯಾರಿಗಾದರೂ ಬಂದೂಕು ಮಾರುವವರು ಗೊತ್ತೇ ಎಂದು ವಿಚಾರಿಸಲು ಅವನಿಗೆ ಹೇಳಿದಳು. ಜುಜೆ ಸಂತೆಯಲ್ಲಿ ಕೇಳಿದ. ಸಂತೆಯಲ್ಲಿ ಕೇಳಿದ್ದು ಸಂತೆಗೇ ಕೇಳಿಸಿತು.

“ಯಾರನ್ನ ಕೊಲ್ಲಾಕ?” ಎಂದು ಅನ್ನಾ ಗೆಳತಿಯನ್ನು ಕೇಳಿದ್ದಳು.

“ಕೊಲ್ಲಾಕ ಯಾಕ? ಅಂವ ಆ ಬದುವಿನ ಮ್ಯಾಲೆ ಇಟಗೊಂಡು ಕೂಡತಾನ. ನಾ ಈ ಬದುವಿನ ಮ್ಯಾಲೆ ಇಟಗೊಂಡು ಕೂಡತೇನಿ.”

“ಹಾರಸಾಕ ಬರತೈತಿ?”

“ನನಗ ಬರೂದಿಲ್ಲ ಅಂತ ಅಂವಗ ಗೊತ್ತಾಗಬಾರದು, ಅಷ್ಟ ಸಾಕು.”

ಕೆಲವು ದಿನಕ್ಕೆ ಜುಜೆಗೆ ಸುದ್ದಿ ಬಂತು: ಗೋವಾದ ವ್ಯಾಪಾರಿಯೊಬ್ಬ ಕೋಗಿಲಬನದ ಹತ್ತಿರ ಹೊಳೆದಂಡೆಗೆ ಬರುತ್ತಾನೆ.

೪

ಹೊತ್ತು ಏರಿತ್ತು. ಕೋಗಿಲಬನದ ದಂಡೆಯಲ್ಲಿ ಒಂದು ಹಾಸುಬಂಡೆ, ಅದರ ಮೇಲೆ ಅಡಿವೆಯ್ಯ, ಪಕ್ಕದಲ್ಲಿ ಗೋಣಿಚೀಲ. ಹ್ಯಾಟು ಅವನ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಬೆನ್ನ ಹಿಂದಿನ ಮೆಳೆಗೆ ಫೌಜದಾರರು ಪಂಚರನ್ನು ಕರೆದುಕೊಂಡು ಆಮೇಲೆ ಬಂದರು. ತಿರುಗಿ ನೋಡಕೂಡದೆಂದು ಅವನಿಗೆ ಹೇಳಿದ್ದರು. ಹಾಗಾಗಿ ಪಂಚರು ಯಾರೆಂದು ಅವನು ನೋಡಲಿಲ್ಲ.

ಇಬ್ಬರು ಹೆಂಗಸರು ಕಾಲುದಾರಿಯಲ್ಲಿ ಇಳಿದು ಬಂದರು. ನೀರಿಗೆ ಬಂದವರೇನೋ, ಇವರು ಬೇಗ ಹೋಗಲಿ ಎಂದುಕೊಂಡ. ಅವರು ನೆಟ್ಟಗೆ ಬಂಡೆಯ ಹತ್ತಿರ ಬಂದರು. ಮುಂದಿದ್ದವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು.

“ಬಂದೂಕು ತಂದೀರೇನ್ರಿ? ತೋರಸ್ರಿ,” ಎಂದಳು.

ದನಿ ಕೇಳಿ ಅಡಿವೆಯ್ಯ ಹ್ಯಾಟನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಆ ದನಿ ಅವನನ್ನು ಜೋಗುಳ ಹಾಡಿ ಮಲಗಿಸಿದ ದನಿ. ಅವನು ಮಾತಾಡಲಿಲ್ಲ. ಮಾತಾಡಿದರೆ ಅವಳಿಗೆ ಗುರುತು ಸಿಗುತ್ತದೆ. ತಲೆ ಅಲ್ಲಾಡಿಸಿದ, ಇಲ್ಲ ಇಲ್ಲ ಎಂದು. ಕೈಯಾಡಿಸಿದ, ಹೋಗು ಹೋಗು ಎಂದು.

ಗೋವಾದವನಿಗೆ ಕನ್ನಡ ಬಾರದು ಎಂದುಕೊಂಡಳು ಅವಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ತನ್ನ ಚಿನ್ನದ ಬೋರಮಾಳ ಸರ ತೆಗೆದು ಬಂಡೆಯ ಮೇಲಿಟ್ಟಳು. ತಾನೇ ಬಗ್ಗಿ ಚೀಲದ ಬಾಯಿ ಬಿಚ್ಚಿದಳು.

ಬಿಚ್ಚಿದವಳು ಹಾಗೇ ನಿಂತಳು.

ಬಂದೂಕಿನ ಹಿಡಿಕೆ ಸೀಳಿತ್ತು. ಸೀಳಿದಲ್ಲಿ ಹಿತ್ತಾಳೆಯ ಪಟ್ಟಿ ಹೊಡೆದಿತ್ತು. ಎರಡು ಸುಗ್ಗಿ ಆ ಹಿತ್ತಾಳೆ ಬಿಸಿಲಿಗೆ ಮಿಂಚುವುದನ್ನು ಅವಳು ಬದುವಿನ ಮೇಲೆ ನೋಡಿದ್ದಳು. ಅದು ಬಸಲಿಂಗಯ್ಯನ ಬಂದೂಕು. ಮೆಲ್ಲಗೆ ತಲೆ ಎತ್ತಿದಳು. ಹ್ಯಾಟಿನ ಕೆಳಗೆ, ಕಪ್ಪು ಕನ್ನಡಕದ ಕೆಳಗೆ, ಒಂದು ಗದ್ದ. ಆ ಗದ್ದಕ್ಕೆ ಅಂಟಿದ ತುತ್ತು ಒರೆಸಿದವಳು ಅವಳು.

“ಅಡಿವೀ,” ಎಂದಳು. “ನೀನೂ ಅಂವನ ಕಡೀಗಿ ಆದೇನೋ?”

“ಅಕ್ಕಾ, ಹೋಗು. ಓಡು,” ಎಂದ ಪಿಸುದನಿಯಲ್ಲಿ.

ಅವಳು ಓಡಲಿಲ್ಲ. ಕೈ ಎತ್ತಿ ಅವನ ಕೆನ್ನೆಗೆ ಹೊಡೆದಳು. ಹ್ಯಾಟು ಹಾರಿ ಮರಳ ಮೇಲೆ ಬಿತ್ತು.

ಸಿಗ್ನಲ್.

ಮೆಳೆಯಿಂದ ಫೌಜದಾರರು ನುಗ್ಗಿ ಬಂದರು. ಅವರ ಹಿಂದೆ ಒಬ್ಬ ಪಂಚ. ಅವನ ಹಿಂದೆ, ಧೋತರ ಕೊಡವಿಕೊಳ್ಳುತ್ತ, ಅವಸರವಿಲ್ಲದೆ, ಎರಡನೆಯ ಪಂಚ ಬಸಲಿಂಗಯ್ಯ. ಊರಿನಲ್ಲಿ ಮರ್ಯಾದಸ್ಥ. ಖಬರ್ ಕೊಟ್ಟವನೂ ಅವನೇ. ಠಾಣೆಯಲ್ಲಿ ಸರಿಯಾದ ಬಂದೂಕಿಲ್ಲವೆಂದಾಗ ತನ್ನದನ್ನೇ ಎರವಲು ಕೊಟ್ಟವನೂ ಅವನೇ.

“ವೈನಿ,” ಎಂದ, ಬಹಳ ಬೇಸರವಾದವನಂತೆ, “ಇದೇನ ಮಾಡಕೊಂಡ್ರಿ ನೀವು?”

(ಇದನ್ನು ಬರೆದ ದಿನ ನಾನು ಎದ್ದುಹೋಗಿ ತಣ್ಣೀರು ಕುಡಿದೆ. ಅವನನ್ನು ಅಲ್ಲಿ ಕೂರಿಸಿದ್ದು ನಾನಲ್ಲ. ಮೆಳೆಯ ಹಿಂದೆ ಇಬ್ಬರು ಪಂಚರು ಎಂದಷ್ಟೇ ಬರೆದಿದ್ದೆ. ಹೊರಗೆ ಬಂದಾಗ ನೋಡಿದರೆ ಇವನು.)

೫

ಇಬ್ಬರೂ ಹೆಂಗಸರ ಮೇಲೆ ಕೇಸಾಯಿತು. ಕಾನೂನುಬಾಹಿರವಾಗಿ ಬಂದೂಕು ಕೊಳ್ಳುವ ಪ್ರಯತ್ನ. ಫೌಜದಾರರು ಅಡಿವೆಯ್ಯನ ಬೆನ್ನು ತಟ್ಟಿದರು. “ಅಕ್ಕ ಅನ್ನೂದನ್ನ ನೋಡಲಿಲ್ಲ. ಡ್ಯೂಟಿ ಅಂದ್ರ ಡ್ಯೂಟಿ.” ಅವನಿಗೆ ಬೆನ್ನಿಗಿಂತ ಕೆನ್ನೆ ಹೆಚ್ಚು ಉರಿಯುತ್ತಿತ್ತು.

ಇಬ್ಬರಿಗೂ ಜಾಮೀನು ಕೊಡಿಸಿದವರು ವಕೀಲ ಅಂದಾನೆಪ್ಪನವರು. ಹಳಿಯಾಳದ ಕೋರ್ಟಿನಲ್ಲಿ ಭೂಮಿಯ ಕೇಸು ನಡೆಸುತ್ತಿದ್ದ ಮುದುಕರು; ಬಂದೂಕಿನ ಕೇಸು ಇದೇ ಮೊದಲು. ಸರ್ಕಾರದ ಒಂದನೇ ಸಾಕ್ಷಿ ಅಡಿವೆಯ್ಯ.

ಈಗ ನಾನು ಅಡಿವೆಯ್ಯನ ಜೊತೆ ಕೂತೆ. ಎಲ್ಲ ಲೇಖಕರೂ ತಮ್ಮ ಪಾತ್ರಗಳ ಜೊತೆ ಚೌಕಾಸಿ ಮಾಡುತ್ತಾರೆ. ನಾನು ಬಹಿರಂಗವಾಗಿ ಮಾಡುತ್ತಿದ್ದೇನೆ.

“ಸುಳ್ಳು ಹೇಳಿಬಿಡು,” ಎಂದೆ. “ಅಕ್ಕ ರೊಟ್ಟಿ ಕೊಡಲು ಬಂದಿದ್ದಳು ಅನ್ನು. ಓದುಗರು ಕಣ್ಣು ಒರೆಸಿಕೊಳ್ಳುತ್ತಾರೆ.”

“ನೌಕರಿ ಹೋಗತೈತ್ರಿ.”

“ಹಾಗಾದರೆ ಓಡಿಹೋಗು. ಗಣೇಶಗುಡಿಯ ಆಚೆ ಕಾಡಿದೆ. ನಾನು ಒಂದು ಅಧ್ಯಾಯ ಕೊಡುತ್ತೇನೆ.”

“ಕಾಡಿನ್ಯಾಗ ಏನ ಮಾಡಲಿ?”

“ಮತ್ತೇನು ಮಾಡುತ್ತೀ?”

ಅವನು ಟೊಪ್ಪಿಗೆ ಹಾಕಿಕೊಂಡು ಎದ್ದುಹೋದ. ನಾನೂ ನಿಮ್ಮ ಜೊತೆ ಕೋರ್ಟಿನಲ್ಲಿ ಕೂತೇ ತಿಳಿದುಕೊಳ್ಳಬೇಕಾಯಿತು.

೬

ಕಟಕಟೆಯಲ್ಲಿ ಅಡಿವೆಯ್ಯ ಸಮವಸ್ತ್ರದಲ್ಲಿ ನಿಂತಿದ್ದ. ಆರೋಪಿ ಬಂದೂಕು ಕೇಳಿದಳೇ ಎಂದರು ಸರ್ಕಾರದ ವಕೀಲರು.

“ಕೇಳಿದಳ್ರಿ.”

“ಚೀಲಕ್ಕೆ ಕೈ ಹಾಕಿದಳೇ?”

“ಹಾಕಿದಳ್ರಿ.”

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಅನ್ನಾ ಶಿಲುಬೆಯ ಗುರುತು ಮಾಡಿಕೊಂಡಳು. ಗುರುಸಿದ್ದವ್ವ ತಮ್ಮನನ್ನು ನೋಡಲಿಲ್ಲ. ಕಿಟಕಿಯ ಆಚೆ ಕಟ್ಟಿದ್ದ ಒಂದು ಕುದುರೆಯನ್ನು ನೋಡುತ್ತಿದ್ದಳು.

ಅಂದಾನೆಪ್ಪನವರು ಎದ್ದರು. ಉದ್ದ ಪಾಟೀಸವಾಲು ಇರುತ್ತದೆಂದು ನಾನು ಹಾಳೆ ಸಿದ್ಧ ಮಾಡಿಕೊಂಡೆ. ಅವರು ಕೇಳಿದ್ದು ಬಹಳ ಸಣ್ಣದು.

“ಚೀಲದಾಗಿನ ಬಂದೂಕು ಯಾರದು?”

“ಬಸಲಿಂಗಯ್ಯನವರದ್ರಿ.”

“ಇಲ್ಲಿ ಪಂಚರಾಗಿ ಕುಂತಾರಲ್ಲ, ಆ ಬಸಲಿಂಗಯ್ಯನವರದೇನು?”

“ಹೌದ್ರಿ.”

“ನಿನಗ ಅದು ಯಾವಾಗ ಗೊತ್ತಾತು?”

ಅಡಿವೆಯ್ಯ ಅಕ್ಕನ ಕಡೆ ನೋಡಿದ. ಆಮೇಲೆ ಹೇಳಿದ: “ಠಾಣೇದಾಗ ಕೈಗೆ ಕೊಟ್ಟಾಗ ಗೊತ್ತಾತ್ರಿ. ಅಕ್ಕ ಹೇಳಿದ್ದ ಹಿತ್ತಾಳಿ ಪಟ್ಟಿ ನೋಡಿ.”

ಓದುಗರೇ, ದಯವಿಟ್ಟು ಒಂದನೇ ಭಾಗಕ್ಕೆ ಹೋಗಿ. ‘ಯಾರದೋ ಒಂಟಿ ನಳಿಗೆಯ ಬಂದೂಕು’ ಎಂದು ಬರೆದಿದ್ದೇನೆ. ‘ಯಾರದೋ’ ಎಂಬುದನ್ನು ಹೊಡೆದುಹಾಕಿ. ನನಗೆ ಅವನು ಹಾಗೆ ಹೇಳಿದ್ದ, ನಾನು ನಂಬಿ ಬರೆದೆ. ಅಕ್ಕನೇ ಗಿರಾಕಿ ಎಂದು ಅವನಿಗೆ ಗೊತ್ತಿರಲಿಲ್ಲ, ಅದು ನಿಜ. ಆದರೆ ಯಾವ ಬಂದೂಕು ಅಕ್ಕನ ಎದೆಗೆ ತಿರುಗುತ್ತಿತ್ತೋ ಅದೇ ಬಂದೂಕನ್ನು, ಗೊತ್ತಿದ್ದೂ, ಹೆಗಲಿಗೆ ಹಾಕಿಕೊಂಡು ಹೊಳೆದಂಡೆಗೆ ನಡೆದಿದ್ದ.

ಗುರುಸಿದ್ದವ್ವ ಕುದುರೆಯಿಂದ ಕಣ್ಣು ತೆಗೆದು ಮೊದಲ ಸಲ ಅವನ ಕಡೆ ನೋಡಿದಳು. ಹೊಳೆದಂಡೆಯಲ್ಲಿ ಹೊಡೆದಾಗ ಅವಳ ಮುಖದಲ್ಲಿ ಸಿಟ್ಟಿತ್ತು. ಈಗ ಅದೂ ಇರಲಿಲ್ಲ.

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಲೈಸೆನ್ಸಿನ ಬಂದೂಕನ್ನು ಎರವಲು ಕೊಡಲು ಯಾರ ಅನುಮತಿ ಇತ್ತು ಎಂದು ಫೌಜದಾರರನ್ನು ಕೇಳಿದರು. ಫೌಜದಾರರು ಬಸಲಿಂಗಯ್ಯನನ್ನು ನೋಡಿದರು. ಬಸಲಿಂಗಯ್ಯ ಫೌಜದಾರರನ್ನು ನೋಡಿದ. ಇಬ್ಬರೂ ಲಿಖಿತ ಉತ್ತರ ಕೊಡಬೇಕು, ಕೇಸು ತೀರ್ಮಾನವಾಗುವವರೆಗೆ ಬಂದೂಕು ಕೋರ್ಟಿನ ಕೋಣೆಯಲ್ಲಿ ಬೀಗದೊಳಗೆ ಇರಬೇಕು ಎಂದು ಅಪ್ಪಣೆಯಾಯಿತು.

ಆಮೇಲೆ ಅವರು ಗುರುಸಿದ್ದವ್ವನ ಕಡೆ ತಿರುಗಿದರು. ದನಿ ಮೆತ್ತಗಿತ್ತು.

“ನೋಡಮ್ಮ, ನೀನು ಕೇಳಿದ್ದು ನಿಜವೇ ತಾನೆ? ತಪ್ಪೊಪ್ಪಿಕೊಂಡರೆ ಸಣ್ಣ ದಂಡದಲ್ಲಿ ಇವತ್ತೇ ಮುಗಿಸಿಬಿಡುತ್ತೇನೆ. ಊರಿಗೆ ಹೋಗಬಹುದು.”

ಅಂದಾನೆಪ್ಪನವರು ಒಪ್ಪಿಕೋ ಎಂದು ಕಣ್ಣಲ್ಲೇ ಹೇಳಿದರು. ಅನ್ನಾ ಸೆರಗು ಜಗ್ಗಿದಳು.

“ಸಾಹೇಬರ,” ಎಂದಳು ಗುರುಸಿದ್ದವ್ವ, “ಇವತ್ತ ಕೇಸು ಮುಗದ್ರ ಬಂದೂಕು ಯಾರ ಕೈಗೆ ಹೋಗತೈತ್ರಿ?”

“ಲೈಸೆನ್ಸ್ ಇದ್ದವರಿಗೆ.”

“ಮುಗೀಲಿಲ್ಲಂದ್ರ?”

“ಇಲ್ಲೇ ಇರುತ್ತದೆ.”

ಅವಳು ಲೆಕ್ಕ ಹಾಕುವುದು ನನಗೆ ಕಾಣುತ್ತಿತ್ತು. ಭತ್ತ ಹಾಲುಗಟ್ಟಿತ್ತು.

“ಹಂಗಾದ್ರ ನಾ ಒಪ್ಪಿಕೊಳ್ಳೂದಿಲ್ರಿ. ಕೇಸು ನಡೀಲಿ.”

“ಜೈಲಾಗಬಹುದು, ತಿಳೀತೇನು?”

“ತಿಳೀತ್ರಿ. ಸುಗ್ಗಿ ಮಾಡಿ ಹೋಗತೇನಿ.”

೭

ಆ ವರ್ಷ ಅವಳು ಕೊಯ್ದಳು. ಬಸಲಿಂಗಯ್ಯ ಬದುವಿನ ಮೇಲೆ ಬಂದು ನಿಂತ. ಕೈಯಲ್ಲೊಂದು ಬೆತ್ತವಿತ್ತು. ಕೂಲಿಯವರು ಅವನನ್ನು ನೋಡಿದರು, ಬೆತ್ತವನ್ನು ನೋಡಿದರು, ಗದ್ದೆಗೆ ಇಳಿದರು. ಹೊತ್ತು ಬಾಗುವವರೆಗೆ ನಿಂತಿದ್ದು ಅವನು ಮನೆಗೆ ಹೋದ. ಎದೆ ನಡುಗುವ ಸಂಗತಿ ಇದೇ: ಇಷ್ಟು ವರ್ಷ ಅವನು ಏನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಆ ಕಬ್ಬಿಣ. ಸರ್ಕಾರ ಕೊಳ್ಳಲು ಬಂದವಳನ್ನು ಹಿಡಿಯಹೋಗಿ, ಗೊತ್ತಿಲ್ಲದೆ, ಇಟ್ಟುಕೊಂಡವನ ಕೈ ಖಾಲಿ ಮಾಡಿತ್ತು.

ಅಡಿವೆಯ್ಯನನ್ನು ಮುಂಡಗೋಡಕ್ಕೆ ವರ್ಗ ಮಾಡಿದ್ದರು. ಅವನು ರಜೆ ಹಾಕಿ ಬಂದ. ಚಪ್ಪಲಿ ಬಿಟ್ಟು, ಅಂಗಿ ಕಳಚಿ, ಕುಡಗೋಲು ಹಿಡಿದು ಸಾಲಿನ ತುದಿಯಲ್ಲಿ ಬಗ್ಗಿದ. ಅನ್ನಾ ಜರುಗಿ ಜಾಗ ಕೊಟ್ಟಳು. ಗುರುಸಿದ್ದವ್ವ ಬುತ್ತಿ ಬಿಚ್ಚುವ ಹೊತ್ತಿಗೆ ಎಲ್ಲರಿಗೂ ರೊಟ್ಟಿ ಕೊಟ್ಟಂತೆ ಅವನಿಗೂ ಕೊಟ್ಟಳು. ಕೊಡುವಾಗ ಕೇಳಿದಳು:

“ಆವತ್ತ ಹೊತಗೊಂಡು ಬಂದೆಲ್ಲ. ಭಾರ ಅನ್ನಿಸಲಿಲ್ಲೇನು?”

ಅವನು ರೊಟ್ಟಿ ಹಿಡಿದುಕೊಂಡೇ ಕೂತ. ತಿನ್ನಲೂ ಇಲ್ಲ, ಇಡಲೂ ಇಲ್ಲ. ನಾನು ಅವನಿಗೆ ಉತ್ತರ ಬರೆದುಕೊಡಲು ಬಹಳ ಪ್ರಯತ್ನಪಟ್ಟೆ. ಒಂದೂ ಅವನ ಬಾಯಿಗೆ ಹೊಂದಲಿಲ್ಲ.

೮

ಇನ್ನು ಅಂತ್ಯ. ನೀವು ಕಾಯುತ್ತಿದ್ದೀರಿ ಎಂದು ಗೊತ್ತು.

ಒಂದು ಅಂತ್ಯ: ಬಸಲಿಂಗಯ್ಯನ ಲೈಸೆನ್ಸ್ ರದ್ದಾಗುತ್ತದೆ, ಬಂದೂಕನ್ನು ಸರ್ಕಾರ ಮುರಿಸುತ್ತದೆ, ಅವಳು ಬಿಡುಗಡೆಯಾಗುತ್ತಾಳೆ. ಇದನ್ನು ಬರೆದು ಓದಿದಾಗ ನನಗೇ ನಾಚಿಕೆಯಾಯಿತು. ಅವನಿಗೆ ದೊಡ್ಡ ಊರಿನಲ್ಲಿ ಪರಿಚಯಗಳಿವೆ. ಕೋರ್ಟು ಕೇಳಿದ್ದ ಉತ್ತರವನ್ನು ಆಗಲೇ ಬರೆಸಿ ಕೊಟ್ಟಾಗಿದೆ.

ಇನ್ನೊಂದು: ಅವಳಿಗೆ ಶಿಕ್ಷೆಯಾಗುತ್ತದೆ. ಅವಳು ಜೈಲಿನಲ್ಲಿರುವಾಗ ಬಂದೂಕು ಬದುವಿಗೆ ಮರಳುತ್ತದೆ. ಇದು ಆಗುವ ಸಂಭವವೇ ಹೆಚ್ಚು. ಅದಕ್ಕೇ ಬರೆಯಲಿಲ್ಲ.

ಮತ್ತೊಂದರಲ್ಲಿ ಅಕ್ಕ ತಮ್ಮನ ತಲೆ ನೇವರಿಸುತ್ತಾಳೆ. ಕೈ ಎತ್ತುವವರೆಗೆ ಬರೆದಿದ್ದೆ. “ಕೈ ಇಳಸ್ರಿ,” ಎಂದಳು. “ಅದು ನಮ್ಮ ನಮ್ಮೊಳಗಿನ ಮಾತು. ನಿಮಗ್ಯಾಕ?”

ಹಾಗಾಗಿ ನನಗೆ ಗೊತ್ತಿರುವಷ್ಟನ್ನು ಹೇಳಿ ಎದ್ದುಹೋಗುತ್ತೇನೆ. ಆ ಮ್ಯಾಜಿಸ್ಟ್ರೇಟರಿಗೆ ವರ್ಗವಾಯಿತು. ಹೊಸಬರು ಬಂದರು. ಎರಡನೆಯ ಪಂಚನಾಗಿ ಬಸಲಿಂಗಯ್ಯನ ಹೇಳಿಕೆ ಇನ್ನೂ ಆಗಬೇಕಿತ್ತು. ಅವನಿಗೆ ಮೈ ಸರಿಯಿಲ್ಲವೆಂದು ಚೀಟಿ ಬಂತು. ಹೊಸ ಸಾಹೇಬರು ಕ್ಯಾಲೆಂಡರಿನ ಹಾಳೆ ತಿರುವುತ್ತಿದ್ದರು. ಫೌಜದಾರರು ಆದಷ್ಟು ಬೇಗ ಮುಗಿಸಿಕೊಡಬೇಕೆಂದು ಕೈಮುಗಿದು ನಿಂತಿದ್ದರು. ಅಂದಾನೆಪ್ಪನವರು ಏನೋ ಹೇಳಲು ಎದ್ದರು, ಅಷ್ಟರಲ್ಲಿ ಗುರುಸಿದ್ದವ್ವ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ತಾನೇ ಮಾತಾಡಿದಳು.

“ಸಾಹೇಬರ, ದೂರದ್ದೊಂದು ತಾರೀಖು ಕೊಡ್ರಿ. ಮತ್ತ ಸಸಿ ಹಚ್ಚೂದೈತಿ.”

ಅವರು ಯಾವ ತಾರೀಖು ಕೊಟ್ಟರೋ ನನಗೆ ತಿಳಿಯದು. ಅವರು ಬಾಯಿ ತೆರೆಯುವ ಮೊದಲೇ ನಾನು ಬರೆಯುವುದನ್ನು—